ಆರು ದಿನ ಬದುಕಿ ಸಾಯುವ ಮಲೇರಿಯಾ ರೋಗಾಣು: ಹೊಸ ಲಸಿಕೆ ಎಲ್ಲಿಗೆ ಬಂತು, ಎಲ್ಲಿ ನಿಂತಿದೆ

ನೆದರ್ಲೆಂಡ್ಸ್‌ನಲ್ಲಿ ಹತ್ತು ಜನ ಗಟ್ಟಿಮುಟ್ಟಾದವರು ಬೇಕಂತಲೇ ಸೊಳ್ಳೆ ಕಚ್ಚಿಸಿಕೊಂಡರು. ಒಂದೆರಡಲ್ಲ, ತಲಾ ಐವತ್ತು. ಬಲೆ ಕಟ್ಟಿದ ಡಬ್ಬಿಯಲ್ಲಿ ಸೊಳ್ಳೆ ತುಂಬಿ, ಅದಕ್ಕೆ ಮುಂಗೈ ಆನಿಸಿಕೊಂಡು ಸುಮ್ನೆ ಕೂರಬೇಕು, ಅಷ್ಟೇ. ಆ ಸೊಳ್ಳೆಗಳ ಜೊಲ್ಲಿನಲ್ಲಿ ಇದ್ದದ್ದು ಮಲೇರಿಯಾದ ಜೀವಂತ ಪರಾವಲಂಬಿ, ಆದರೆ ಅದರ ಒಂದು ಜೀನನ್ನು ಮೊದಲೇ ಪ್ರಯೋಗಾಲಯದಲ್ಲಿ ತೆಗೆದುಹಾಕಿದ್ದರು. ಕೆಲವು ವಾರ ಬಿಟ್ಟು ಇದೇ ಜನರಿಗೆ ಅಸಲಿ ಮಲೇರಿಯಾ ಇರುವ ಸೊಳ್ಳೆ ಕಚ್ಚಿಸಿದರು. ಹತ್ತರಲ್ಲಿ ಒಂಬತ್ತು ಜನರಿಗೆ ಮಲೇರಿಯಾ ಬರಲಿಲ್ಲ. ಹೋಲಿಕೆಗೆ ಅಂತ ಮೊದಲ ಸಲ ಬರೀ ಸೊಳ್ಳೆ ಕಚ್ಚಿಸಿಕೊಂಡಿದ್ದ ಐವರಿದ್ದರು, ಐವರಿಗೂ ಬಂತು. (ಬಂದವರಿಗೆಲ್ಲ ಕೂಡಲೇ ಔಷಧಿ ಕೊಟ್ಟು ವಾಸಿ ಮಾಡುವುದು ಇಂಥ ಪ್ರಯೋಗದ ನಿಯಮ.)

2025ರ ಜನವರಿಯಲ್ಲಿ ಈ ಫಲಿತಾಂಶ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂದಾಗಿನಿಂದ "ಸೊಳ್ಳೆ ಕಚ್ಚಿಸಿ ಲಸಿಕೆ ಹಾಕ್ತಾರಂತೆ" ಅನ್ನೋ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಾ ಇದೆ. ದಾವಣಗೆರೆಯವರಿಗೆ ಇದು ತಮಾಷೆಯಾಗಿಯೇ ಕೇಳುತ್ತೆ. ಸಂಜೆ ಆರರ ಮೇಲೆ ಬಾಗಿಲು ತೆರೆದಿಟ್ಟರೆ ಐವತ್ತು ಡೋಸ್ ಪುಕ್ಕಟೆ ಸಿಗುವ ಬಡಾವಣೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ತಮಾಷೆ ಇರಲಿ. ಈ ಸುದ್ದಿಯನ್ನು "ಮಲೇರಿಯಾಗೆ ಕೊನೆಗೂ ಲಸಿಕೆ ಸಿಕ್ಕಿತು" ಅಂತ ಓದಿದವರೂ ಇದ್ದಾರೆ, "ಹತ್ತು ಜನರ ಮೇಲೆ ಮಾಡಿದ್ದಕ್ಕೆ ಇಷ್ಟು ಗದ್ದಲವಾ" ಅಂದವರೂ ಇದ್ದಾರೆ. ಇಬ್ಬರೂ ಮುಖ್ಯ ವಿಷಯ ಬಿಟ್ಟಿದ್ದಾರೆ ಅನ್ನೋದು ನನ್ನ ಅನಿಸಿಕೆ. ಪರಾವಲಂಬಿಯನ್ನು ಹೇಗೆ ದುರ್ಬಲ ಮಾಡಿದರೆ ದೇಹ ಸರಿಯಾಗಿ ಪಾಠ ಕಲಿಯುತ್ತೆ ಅನ್ನೋ ಪ್ರಶ್ನೆಗೆ ಅರವತ್ತು ವರ್ಷದ ಹುಡುಕಾಟದ ನಂತರ ಈಗ ಒಂದು ಒಳ್ಳೆಯ ಉತ್ತರ ಸಿಕ್ಕಿದೆ. ಸಿಗದೇ ಇರುವುದು ಬೇರೆ: ಅದನ್ನು ಸೊಳ್ಳೆಯಿಂದ ಸೀಸೆಗೆ, ಸೀಸೆಯಿಂದ ಮಗುವಿನ ಮೈಗೆ ತರುವ ದಾರಿ. ಮುಂದಿನ ಕಷ್ಟವೆಲ್ಲ ಅಲ್ಲಿದೆ.

ಮೊದಲು ಪರಾವಲಂಬಿಯ ಓಡಾಟ ನೋಡೋಣ, ಅದು ತಿಳಿಯದೆ ಮುಂದಿನದು ಅರ್ಥ ಆಗಲ್ಲ.

ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ ಕಚ್ಚಿದಾಗ ಜೊಲ್ಲಿನ ಜೊತೆ ಸ್ಪೋರೋಜೊಯೈಟ್ ಅನ್ನೋ ದಾರದ ಎಳೆಯಂಥ ಸಣ್ಣ ಜೀವಿಗಳು ಚರ್ಮಕ್ಕೆ ಇಳಿಯುತ್ತವೆ. ಅಲ್ಲಿಂದ ರಕ್ತನಾಳ ಹಿಡಿದು ಲಿವರ್ ಸೇರುತ್ತವೆ. ಲಿವರಿನ ಒಂದೊಂದು ಜೀವಕೋಶದೊಳಗೆ ಒಂದೊಂದು ನುಗ್ಗಿ ಕೂತು, ಮಲೇರಿಯಾ ಪರಾವಲಂಬಿಗಳಲ್ಲೇ ಹೆಚ್ಚು ಮಾರಕವಾದ ಫಾಲ್ಸಿಪ್ಯಾರಂ ಜಾತಿಯದಾದರೆ ಆರೇಳು ದಿನದಲ್ಲಿ ಒಂದು ಹೋಗಿ ಸಾವಿರಾರು ಮರಿಗಳಾಗುತ್ತವೆ. ಇಷ್ಟಾದರೂ ಮನುಷ್ಯನಿಗೆ ಏನೂ ಗೊತ್ತಾಗಲ್ಲ. ಚಳಿ ಇಲ್ಲ, ಜ್ವರ ಇಲ್ಲ, ಎಂದಿನಂತೆ ಗದ್ದೆಗೂ ಆಫೀಸಿಗೂ ಹೋಗಿ ಬರುತ್ತಾನೆ. ಆಮೇಲೆ ಆ ಕೋಶ ಒಡೆದು ಮರಿಗಳೆಲ್ಲ ರಕ್ತಕ್ಕೆ ಬಿದ್ದು, ಕೆಂಪು ರಕ್ತಕಣಗಳೊಳಗೆ ಹೊಕ್ಕು, ಅವನ್ನೂ ಒಡೆದುಕೊಂಡು ಹೊರಬರಲು ಶುರುವಾದ ಮೇಲೆಯೇ ನಮಗೆಲ್ಲ ಗೊತ್ತಿರುವ ಆ ನಡುಕದ ಚಳಿಜ್ವರ. ಕಾಯಿಲೆ ಅಂತ ಆಗುವುದು ಪೂರ್ತಿ ರಕ್ತದಲ್ಲಿ, ಸೊಳ್ಳೆಗೆ ಮತ್ತೆ ಹರಡುವುದೂ ರಕ್ತದಿಂದಲೇ. ಲಿವರಿನ ಆ ಆರು ದಿನ ಮೌನವಾಗಿ ಕಳೆದುಹೋಗುತ್ತೆ.

ಅಂದರೆ ಪರಾವಲಂಬಿ ಲಿವರ್‌ಗೆ ಬರಬೇಕು, ರಕ್ತಕ್ಕೆ ಹೋಗಬಾರದು. ಹಾಗೆ ಮಾಡಿದರೆ ಕಾಯಿಲೆಯೂ ಇಲ್ಲ, ದೇಹಕ್ಕೆ ಶತ್ರುವಿನ ಪರಿಚಯವೂ ಆಯ್ತು. ಇದು ಹೊಸ ಯೋಚನೆ ಅಲ್ಲ. 1967ರಲ್ಲಿ ನ್ಯೂಯಾರ್ಕ್‌ನಲ್ಲಿ ರೂತ್ ನುಸೆನ್ಸ್‌ವೈಗ್ ಎಂಬ ವಿಜ್ಞಾನಿ ಇಲಿಗಳ ಮಲೇರಿಯಾ ಪರಾವಲಂಬಿಗೆ ಎಕ್ಸ್‌ರೇ ಹಾಯಿಸಿ ಅರೆಜೀವ ಮಾಡಿ ಇಲಿಗಳಿಗೆ ಕೊಟ್ಟರು. ಆ ಇಲಿಗಳಿಗೆ ಆಮೇಲೆ ಅಸಲಿ ಮಲೇರಿಯಾ ತಾಗಲಿಲ್ಲ. 1973ರ ಹೊತ್ತಿಗೆ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಡೇವಿಡ್ ಕ್ಲೈಡ್ ಮತ್ತು ಜೊತೆಗಾರರು ಇದನ್ನೇ ಮನುಷ್ಯರಲ್ಲಿ ತೋರಿಸಿದರು. ಕೆಲಸ ಮಾಡಿತು. ಆದರೆ ಗಟ್ಟಿ ರಕ್ಷಣೆ ಸಿಗಬೇಕಾದರೆ ಒಬ್ಬೊಬ್ಬರಿಗೆ ಸಾವಿರಕ್ಕೂ ಜಾಸ್ತಿ ಸೊಳ್ಳೆಗಳಿಂದ ಕಚ್ಚಿಸಬೇಕು ಅಂತ ಮುಂದಿನ ಪ್ರಯೋಗಗಳಲ್ಲಿ ಗೊತ್ತಾಯಿತು. ಸಾವಿರ! ಇದು ಲಸಿಕೆ ಆಗಲಿಕ್ಕಿಲ್ಲ ಅಂತ ಬಹಳ ಜನ ಕೈಬಿಟ್ಟರು, ಬಿಡದೇ ಇನ್ನೇನು ಮಾಡ್ತಾರೆ.

ಎಕ್ಸ್‌ರೇ ಅಥವಾ ಗಾಮಾ ಕಿರಣದ ತೊಂದರೆ ಏನೆಂದರೆ ಅದು ಕಣ್ಣುಮುಚ್ಚಿ ಹೊಡೆಯುತ್ತೆ. ಜಾಸ್ತಿ ಹೊಡೆದರೆ ಪರಾವಲಂಬಿ ಲಿವರ್‌ಗೂ ತಲುಪದಷ್ಟು ಕೆಟ್ಟುಹೋಗುತ್ತೆ, ಕಮ್ಮಿ ಹೊಡೆದರೆ ಒಂದಿಷ್ಟು ಚೇತರಿಸಿಕೊಂಡು ರಕ್ತಕ್ಕೆ ಇಳಿಯುತ್ತವೆ. ಸರಿಯಾದ ಪ್ರಮಾಣದಲ್ಲೇ ಹೊಡೆದರೂ ಒಂದೊಂದರ ಡಿಎನ್‌ಎ ಒಂದೊಂದು ಕಡೆ ಮುರಿದಿರುತ್ತೆ. ಕಿರಣ ತಾಗಿದ ಪರಾವಲಂಬಿಗೆ ತನ್ನ ಡಿಎನ್‌ಎ ನಕಲು ಮಾಡಿಕೊಳ್ಳಲು ಆಗಲ್ಲವಾದ್ದರಿಂದ ಅದು ಲಿವರ್ ಸೇರಿ ಸ್ವಲ್ಪದರಲ್ಲೇ ನಿಂತುಬಿಡುತ್ತೆ, ಮರಿ ಹಾಕುವ ಹಂತಕ್ಕೇ ಬರಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ.

ಜೀನ್ ತಿದ್ದುವ ತಂತ್ರ ಕೈಗೆ ಬಂದ ಮೇಲೆ, ಕಿರಣ ಬೇಡ, ಲಿವರಿನಲ್ಲಿ ಬೇಕಾಗುವ ಜೀನನ್ನೇ ಕತ್ತರಿಸಿ ತೆಗೆಯೋಣ ಅಂತ ಯೋಚನೆ ಬಂತು. ಮಲೇರಿಯಾ ಪರಾವಲಂಬಿಗೆ ಸುಮಾರು ಐದು ಸಾವಿರಕ್ಕೂ ಹೆಚ್ಚು ಜೀನ್‌ಗಳಿವೆ. ಅದರಲ್ಲಿ ಯಾವುದನ್ನು ತೆಗೆಯೋದು? ಇಲ್ಲಿದೆ ಈ ಇಡೀ ಕೆಲಸದ ಚಂದ. ಪರಾವಲಂಬಿಯನ್ನು ಪ್ರಯೋಗಾಲಯದಲ್ಲಿ ಮನುಷ್ಯರ ರಕ್ತದಲ್ಲಿ ಬೆಳೆಸಬೇಕು, ಆ ರಕ್ತವನ್ನು ಸೊಳ್ಳೆಗೆ ಕುಡಿಸಬೇಕು, ಸೊಳ್ಳೆಯೊಳಗೆ ಅದು ಎರಡು ವಾರ ಆರಾಮಾಗಿ ಬೆಳೆದು ಜೊಲ್ಲುಗ್ರಂಥಿ ಸೇರಬೇಕು, ಅಲ್ಲಿಂದ ಮನುಷ್ಯನ ಲಿವರ್ ತಲುಪಬೇಕು. ಇಷ್ಟರವರೆಗೂ ಅದಕ್ಕೆ ಏನೂ ಕೊರತೆ ಆಗಕೂಡದು. ಕೊರತೆ ಲಿವರಿನೊಳಗೆ ಮಾತ್ರ ಕಾಣಿಸಿಕೊಳ್ಳಬೇಕು. ಹಾಗಾಗಿ ಬೇಕಾಗಿರುವುದು ಬೇರೆಲ್ಲೂ ಉಪಯೋಗಕ್ಕೆ ಬಾರದ, ಲಿವರಿನಲ್ಲಿ ಮಾತ್ರ ಇಲ್ಲದಿದ್ದರೆ ನಡೆಯದ ಜೀನ್. 2005ರಲ್ಲಿ ಇಲಿಗಳ ಮಲೇರಿಯಾದಲ್ಲಿ ಅಂಥ ಒಂದು ಜೀನ್ ತೆಗೆದು ಇಲಿಗಳಿಗೆ ಪೂರ್ತಿ ರಕ್ಷಣೆ ಸಿಕ್ಕಿದ್ದನ್ನು ವಿಜ್ಞಾನಿಗಳು ತೋರಿಸಿದರು.

ನಮ್ಮ ಕಡೆ ಜೀನ್ ಅಂದ ಕೂಡಲೇ ಬಿಟಿ ಹತ್ತಿ ನೆನಪಾಗುತ್ತೆ. ಮೆಕ್ಕೆಜೋಳ ಇಡೀ ಜಿಲ್ಲೆ ಆವರಿಸುವ ಮುಂಚೆ ಇಲ್ಲಿ ಹತ್ತಿ ಬೆಳೆದವರೂ ಬಹಳ, ಬಿಟಿ ಬಗ್ಗೆ ಜಗಳ ಆಡಿದವರೂ ಬಹಳ. ಅಲ್ಲಿ ಗಿಡಕ್ಕೆ ಬೇರೆ ಜೀವಿಯ ಜೀನ್ ಸೇರಿಸಿದ್ದರು. ಇಲ್ಲಿ ಹೊಸದೇನೂ ಸೇರಿಸುತ್ತಿಲ್ಲ, ಇರುವುದನ್ನು ಕಿತ್ತುಹಾಕುತ್ತಿದ್ದಾರೆ. ಇನ್ನೊಂದು, ದುರ್ಬಲ ಮಾಡಿದ ಜೀವಂತ ರೋಗಾಣುವನ್ನು ಲಸಿಕೆಯಾಗಿ ಕೊಡುವುದು ನಮಗೆ ಅಪರಿಚಿತ ಅಲ್ಲ. ಹುಟ್ಟಿದ ಕೂಡಲೇ ಮಗುವಿಗೆ ಹಾಕಿಸುವ ಬಿಸಿಜಿ ಅಂಥದ್ದೇ. ಕಾಲ್ಮೆಟ್ ಮತ್ತು ಗೆರಾನ್ ಎಂಬ ಇಬ್ಬರು ಫ್ರೆಂಚರು ದನದ ಕ್ಷಯದ ಬ್ಯಾಕ್ಟೀರಿಯಾವನ್ನು 13 ವರ್ಷ ಪದೇ ಪದೇ ಬೇರೆ ಬೇರೆ ಬಟ್ಟಲಿಗೆ ಬದಲಾಯಿಸುತ್ತಾ ಬೆಳೆಸಿ ಬೆಳೆಸಿ ಅದರ ಸೊಕ್ಕು ಮುರಿದರು. ಒಳಗೆ ಯಾವ ಜೀನ್ ಉದುರಿತು ಅಂತ ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗಲು ಸಾಧ್ಯವೂ ಇರಲಿಲ್ಲ. ಬಾಯಿಗೆ ಹಾಕುವ ಪೋಲಿಯೋ ಹನಿಯೂ ಜೀವಂತ ವೈರಸ್, ಅದರಲ್ಲಿ ಅಪರೂಪಕ್ಕೆ ವೈರಸ್ ಮತ್ತೆ ಹಳೆ ಚಾಳಿಗೆ ತಿರುಗಿದ್ದೂ ಇದೆ. ಜೀನನ್ನು ಪೂರ್ತಿ ಕಿತ್ತ ಪರಾವಲಂಬಿ ಹಾಗೆ ತಿರುಗುವುದು ಬಹಳ ಕಷ್ಟ, ಯಾಕಂದರೆ ತಿದ್ದಿಕೊಳ್ಳೋಕೆ ಅಲ್ಲಿ ಅಕ್ಷರವೇ ಇಲ್ಲ.

ಹಾಗಂತ ಮೊದಲ ಪ್ರಯತ್ನವೇ ಸಲೀಸಾಗಿ ಆಗಲಿಲ್ಲ. ಮನುಷ್ಯರ ಫಾಲ್ಸಿಪ್ಯಾರಂನಿಂದ ಎರಡು ಜೀನ್ ತೆಗೆದು ಸ್ವಯಂಸೇವಕರಿಗೆ ಕೊಟ್ಟ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಆರು ಜನರಲ್ಲಿ ಒಬ್ಬರಿಗೆ ಪರಾವಲಂಬಿ ಲಿವರ್ ದಾಟಿ ರಕ್ತಕ್ಕೆ ಬಂದುಬಿಟ್ಟಿತು. ಎರಡು ಜೀನ್ ಇಲ್ಲದೆಯೂ ಒಂದೆರಡು ಹೇಗೋ ಬದುಕುಳಿದಿದ್ದವು. ಲಸಿಕೆಯೇ ಕಾಯಿಲೆ ತಂದರೆ ಯಾರು ಹಾಕಿಸಿಕೊಳ್ತಾರೆ? ಅಮೆರಿಕದ ಸಿಯಾಟಲ್‌ನ ತಂಡ ಮೂರನೇ ಜೀನನ್ನೂ ತೆಗೆಯಿತು. 2017ರಲ್ಲಿ ಬಂದ ವರದಿಯಲ್ಲಿ ಹತ್ತು ಜನರಲ್ಲಿ ಒಬ್ಬರಿಗೂ ಪರಾವಲಂಬಿ ರಕ್ತಕ್ಕೆ ದಾಟಲಿಲ್ಲ. ಅಪಾಯದ ವಿಷಯ ಅಲ್ಲಿಗೆ ಒಂದು ಮಟ್ಟಕ್ಕೆ ಬಗೆಹರಿಯಿತು. ಆದರೆ ರಕ್ಷಣೆ? 2022ರಲ್ಲಿ ಅದರದೇ ಮುಂದಿನ ಪ್ರಯೋಗದಲ್ಲಿ, ಸಲಕ್ಕೆ ಇನ್ನೂರರಷ್ಟು ಸೊಳ್ಳೆ, ಅದೂ ಮೂರು ಅಥವಾ ಐದು ಸಲ ಕಚ್ಚಿಸಿಯೂ 14 ಜನರಲ್ಲಿ ಏಳು ಜನರಿಗೆ ಮಾತ್ರ ರಕ್ಷಣೆ ಸಿಕ್ಕಿತು. ಡಚ್ಚರು ಬೇರೆ ಎರಡು ಜೀನ್ ತೆಗೆದು ಮಾಡಿದ ಜಿಎ1 ಎಂಬ ತಳಿ ಇನ್ನೂ ಕಳಪೆ. ಅದನ್ನು ಸೂಜಿಯಲ್ಲಿ ಕೊಟ್ಟ ಪ್ರಯೋಗದಲ್ಲಿ 25 ಜನರಲ್ಲಿ ಮೂವರಿಗಷ್ಟೇ ರಕ್ಷಣೆ ಸಿಕ್ಕಿತು.

ಯಾಕೆ ಹೀಗೆ? ಜಿಎ1 ಲಿವರ್ ಸೇರಿ ಸುಮಾರು ಒಂದು ದಿನಕ್ಕೇ ಸಾಯುತ್ತೆ. ಸುರಕ್ಷತೆ ಹೆಚ್ಚಾದಷ್ಟೂ ಪಾಠ ಕಮ್ಮಿ. ಮನೆಗೆ ಬಂದವನು ನೀರೂ ಕುಡಿಯದೆ ಹೊಸ್ತಿಲಿಂದಲೇ ಹೊರಟರೆ ಅವನ ಮುಖ ಯಾರಿಗೆ ನೆನಪಿರುತ್ತೆ? ಆರು ದಿನ ಉಂಡು ಮಲಗಿ ಹೋದವನನ್ನು ಎಲ್ಲಿ ಕಂಡರೂ ಗುರುತು ಹಿಡೀತೀವಿ. ಪರಾವಲಂಬಿ ಲಿವರಿನಲ್ಲಿ ಬೆಳೆಯುತ್ತಾ ಹೋದಂತೆ ಹೊಸ ಹೊಸ ಪ್ರೋಟೀನ್‌ಗಳನ್ನು ತಯಾರಿಸುತ್ತೆ, ಕೊನೆಯ ದಿನಗಳಲ್ಲಂತೂ ರಕ್ತದ ಹಂತದಲ್ಲಿ ಬರುವ ಪ್ರೋಟೀನ್‌ಗಳೂ ಕಾಣಿಸಿಕೊಳ್ಳುತ್ತವೆ. ಬೇಗ ಸತ್ತರೆ ಇವ್ಯಾವುವೂ ದೇಹದ ಕಣ್ಣಿಗೆ ಬೀಳಲ್ಲ.

ಇದಕ್ಕೆ ಸುಳಿವು 2009ರಲ್ಲೇ ಸಿಕ್ಕಿತ್ತು. ನೆದರ್ಲೆಂಡ್ಸ್‌ನ ನೈಮೇಗನ್ ನಗರದಲ್ಲಿ ಹತ್ತು ಜನರಿಗೆ ಏನೂ ತಿದ್ದದ ಅಸಲಿ ಪರಾವಲಂಬಿಯನ್ನೇ ಸೊಳ್ಳೆಯಿಂದ ಕೊಟ್ಟು, ಜೊತೆಗೆ ಕ್ಲೋರೋಕ್ವಿನ್ ಮಾತ್ರೆ ನುಂಗಿಸಿದರು. ಕ್ಲೋರೋಕ್ವಿನ್ ಲಿವರಿನಲ್ಲಿರುವುದನ್ನು ಮುಟ್ಟಲ್ಲ, ರಕ್ತಕ್ಕೆ ಬಂದದ್ದನ್ನು ಕೊಲ್ಲುತ್ತೆ. ಹಾಗಾಗಿ ಪರಾವಲಂಬಿ ಲಿವರಿನ ವಾಸವನ್ನು ಪೂರ್ತಿ ಮುಗಿಸಿಯೇ ಸಾಯುತ್ತಿತ್ತು. ಸಲಕ್ಕೆ ಹದಿನೈದರೊಳಗೇ ಸೊಳ್ಳೆ, ಮೂರು ಸಲ. ಹತ್ತಕ್ಕೆ ಹತ್ತೂ ಜನರಿಗೆ ರಕ್ಷಣೆ. ಸಾವಿರ ಸೊಳ್ಳೆ ಬೇಕು ಅಂತಿದ್ದ ಕಡೆ ಐವತ್ತೂ ಬೇಕಾಗಲಿಲ್ಲ! ಆದರೆ ಅಸಲಿ ಮಲೇರಿಯಾ ಕೊಟ್ಟು ಮಾತ್ರೆ ನುಂಗಿ ಅನ್ನೋದನ್ನು ಹಳ್ಳಿ ಹಳ್ಳಿಯಲ್ಲಿ ಮಾಡೋಕಾಗುತ್ತಾ? ಒಬ್ಬ ಮಾತ್ರೆ ಮರೆತರೆ ಮುಗೀತು.

ಈಗ ಬಂದಿರುವ ಜಿಎ2 ಅನ್ನೋ ತಳಿ ಇದೇ ಸುಳಿವಿನ ಕೂಸು. ಇದರಲ್ಲಿ ತೆಗೆದಿರುವುದು ಮೇಯ್2 ಎಂಬ ಜೀನ್. ಇದು ಇಲ್ಲದ ಪರಾವಲಂಬಿ ಲಿವರಿನಲ್ಲಿ ಆರು ದಿನದ ತನಕ ಚೆನ್ನಾಗೇ ಬೆಳೆಯುತ್ತೆ, ಕೊನೆಯಲ್ಲಿ ಮರಿಗಳಾಗಿ ಬೇರ್ಪಡುವ ಹೊತ್ತಿಗೆ ಎಡವಿ ಸಾಯುತ್ತೆ. 2024ರ ನವೆಂಬರಿನಲ್ಲಿ ನೆದರ್ಲೆಂಡ್ಸ್‌ನ ಲೈಡನ್ ಮತ್ತು ನೈಮೇಗನ್‌ನ ತಂಡ ಜಿಎ1, ಜಿಎ2 ಎರಡನ್ನೂ ಎದುರುಬದುರು ಇಟ್ಟು ನೋಡಿದ ಫಲಿತಾಂಶ ಪ್ರಕಟಿಸಿತು. ಐವತ್ತು ಸೊಳ್ಳೆ, ಮೂರು ಸಲ. ಬೇಗ ಸಾಯುವ ಜಿಎ1 ಪಡೆದ ಎಂಟು ಜನರಲ್ಲಿ ಒಬ್ಬರಿಗೆ ರಕ್ಷಣೆ, ತಡವಾಗಿ ಸಾಯುವ ಜಿಎ2 ಪಡೆದ ಒಂಬತ್ತು ಜನರಲ್ಲಿ ಎಂಟು ಜನರಿಗೆ. ರಕ್ತದಲ್ಲಿ ಪ್ರತಿಕಾಯಗಳ ಮಟ್ಟ ನೋಡಿದರೆ ಎರಡೂ ಗುಂಪು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಕಂಡದ್ದು ಟಿ ಕೋಶಗಳಲ್ಲಿ, ಅಂದರೆ ರೋಗಾಣುವಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳಲ್ಲಿ. ಅದೇ ಸೊಳ್ಳೆ, ಅದೇ ಲೆಕ್ಕ, ಬದಲಾದದ್ದು ಪರಾವಲಂಬಿ ಸಾಯುವ ಸಮಯ ಒಂದೇ. ಅಲ್ಲಿಂದ ಎರಡು ತಿಂಗಳಿಗೆ ಒಂದೇ ಸಲ ಕಚ್ಚಿಸಿದರೂ ಸಾಕು ಅನ್ನೋ ಫಲಿತಾಂಶ ಬಂತು, ಮೊದಲು ಹೇಳಿದ ಹತ್ತರಲ್ಲಿ ಒಂಬತ್ತು ಅದೇ. ನನಗೆ ಕೇಳಿದರೆ 2025ರ ಸುದ್ದಿಗಿಂತ 2024ರದ್ದೇ ದೊಡ್ಡದು, ಯಾಕಂದರೆ ಕಾರಣ ಗೊತ್ತಾದದ್ದು ಅದರಲ್ಲಿ.

ಇನ್ನು ಅನುಮಾನಗಳಿಗೆ ಬರೋಣ. ಒಂಬತ್ತು ಜನ, ಹತ್ತು ಜನ ಅನ್ನೋ ಸಂಖ್ಯೆ ಚಿಕ್ಕದು, ಅದು ಎಲ್ಲರಿಗೂ ಕಾಣುತ್ತೆ. ಆದರೆ ಅದಕ್ಕಿಂತ ತೂಕದ ತೊಡಕುಗಳಿವೆ. ಇವರೆಲ್ಲ ಜೀವಮಾನದಲ್ಲಿ ಮಲೇರಿಯಾ ಕಂಡಿರದ ಯುರೋಪಿನ ವಯಸ್ಕರು. ಆಫ್ರಿಕಾದಲ್ಲಿ ಚಿಕ್ಕಂದಿನಿಂದ ಮತ್ತೆ ಮತ್ತೆ ಮಲೇರಿಯಾ ಉಂಡವರ ದೇಹ ಇಂಥ ಲಸಿಕೆಗೆ ಮಂಕಾಗಿ ಸ್ಪಂದಿಸುತ್ತೆ ಅನ್ನೋದು ಕಿರಣ ಹಾಯಿಸಿದ ಲಸಿಕೆಯ ಪ್ರಯೋಗಗಳಲ್ಲಿ ಈಗಾಗಲೇ ಕಂಡಿದೆ. ಅಮೆರಿಕದಲ್ಲಿ ಐದು ಡೋಸ್‌ಗೆ ಆರಕ್ಕೆ ಆರು ಜನರಿಗೂ ರಕ್ಷಣೆ ಕೊಟ್ಟು 2013ರಲ್ಲಿ ಭರವಸೆ ಹುಟ್ಟಿಸಿದ್ದ ಲಸಿಕೆಯೇ ಕೀನ್ಯಾದ ಹಸುಗೂಸುಗಳಲ್ಲಿ ಆರು ತಿಂಗಳ ಲೆಕ್ಕದಲ್ಲಿ ನಿರಾಸೆ ಮಾಡಿತು. ಎರಡನೆಯದು, ಲಸಿಕೆಗೆ ಬಳಸಿದ್ದೂ ಆಮೇಲೆ ಪರೀಕ್ಷೆಗೆ ಕಚ್ಚಿಸಿದ್ದೂ ಒಂದೇ ಮೂಲದ ಪರಾವಲಂಬಿ. ಅದು ಎನ್‌ಎಫ್54 ಅನ್ನೋ ಹಳೆಯ ತಳಿ. ಆಮ್ಸ್ಟರ್‌ಡ್ಯಾಮ್ ವಿಮಾನ ನಿಲ್ದಾಣದ ಹತ್ತಿರ ಇದ್ದ, ದೇಶ ಬಿಟ್ಟೇ ಹೋಗಿರದ ಒಬ್ಬರಿಗೆ ವಿಮಾನದಲ್ಲಿ ಬಂದ ಸೊಳ್ಳೆಯಿಂದ ತಗುಲಿದ್ದು ಅಂತಾರೆ. ಹೊರಗಿನ ಜಗತ್ತಿನಲ್ಲಿರುವ ನೂರಾರು ತಳಿಗಳ ಎದುರು ಇದೇ ರಕ್ಷಣೆ ಸಿಗುತ್ತಾ? ಮೂರನೆಯದು ಕಾಲ. ಕೆಲವು ವಾರಗಳ ನಂತರ ಪರೀಕ್ಷಿಸಿದ್ದಾರೆ. ಒಂದು ಮಳೆಗಾಲ, ಎರಡು ಮಳೆಗಾಲ ತಡೆಯುತ್ತಾ ಅನ್ನೋದು ಪ್ರಯೋಗ ದೊಡ್ಡದಾದ ಮೇಲೆ ಗೊತ್ತಾಗಬೇಕು.

ಈಗ ಸೀಸೆಯ ವಿಷಯ. ಇದನ್ನು ಯಾರೂ ತಲೆಬರಹ ಮಾಡಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಸೊಳ್ಳೆ ಕಚ್ಚಿಸುವುದು ಪ್ರಯೋಗಕ್ಕೆ ಸರಿ. ಲಸಿಕೆ ಅಂತ ಆಗಬೇಕಾದರೆ ಸ್ಪೋರೋಜೊಯೈಟ್‌ಗಳನ್ನು ಸೊಳ್ಳೆಯಿಂದ ತೆಗೆದು, ಶುದ್ಧ ಮಾಡಿ, ಜೀವ ಹೋಗದಂತೆ ಕಾಪಾಡಿ, ಸೂಜಿಗೆ ತರಬೇಕು. ಅಮೆರಿಕದ ಸನಾರಿಯಾ ಎಂಬ ಕಂಪನಿ, 2003ರಲ್ಲಿ ಸ್ಟೀಫನ್ ಹಾಫ್‌ಮನ್ ಶುರು ಮಾಡಿದ್ದು, ಇಪ್ಪತ್ತು ವರ್ಷದಿಂದ ಇದನ್ನೇ ಮಾಡುತ್ತಾ ಬಂದಿದೆ. ಹೇಗೆ ಅಂದರೆ, ಒಂದಿಷ್ಟೂ ಬೇರೆ ಕ್ರಿಮಿ ಇಲ್ಲದಂತೆ ಸೊಳ್ಳೆಗಳನ್ನು ಸಾಕಿ, ಪರಾವಲಂಬಿ ಇರುವ ರಕ್ತ ಕುಡಿಸಿ, ಎರಡು ವಾರ ಕಾದು, ಆಮೇಲೆ ಮೈಕ್ರೋಸ್ಕೋಪಿನ ಕೆಳಗೆ ಒಂದೊಂದೇ ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಕೈಯಲ್ಲಿ ಬಿಡಿಸಿ ತೆಗೆಯುವುದು. ಹೌದು, ಕೈಯಲ್ಲಿ. ಈ ಕೆಲಸಕ್ಕೆ ರೋಬೋಟ್ ಮಾಡುವ ಪ್ರಯತ್ನವೂ ನಡೆದಿದೆ. ಸೊಳ್ಳೆಯೇ ಇಲ್ಲದೆ ಸ್ಪೋರೋಜೊಯೈಟ್ ಬೆಳೆಸುವ ವಿಧಾನವನ್ನು ಅದೇ ಕಂಪನಿಯವರು 2022ರ ಕೊನೆಗೆ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ನನ್ನ ಲೆಕ್ಕದಲ್ಲಿ ಈ ಲಸಿಕೆಯ ಭವಿಷ್ಯ ನಿಂತಿರೋದು ಜೀನ್‌ಗಿಂತ ಜಾಸ್ತಿ ಇದರ ಮೇಲೆ. ಆ ವಿಧಾನ ಕಾರ್ಖಾನೆಯ ಮಟ್ಟಕ್ಕೆ ಬೆಳೆದರೆ ಲಕ್ಷ ಡೋಸ್ ಮಾತಾಡಬಹುದು. ಬೆಳೆಯದಿದ್ದರೆ ಪ್ರವಾಸಿಗರಿಗೆ, ಸೈನಿಕರಿಗೆ ಮಾತ್ರ ಸಿಗುವ ದುಬಾರಿ ಸೂಜಿಯಾಗಿ ಉಳಿಯುತ್ತೆ.

ಮುಂದಿನದು ಸಾಗಣೆ. ಈ ಲಸಿಕೆ ಜೀವಂತವಾಗಿರಬೇಕು, ಅದಕ್ಕೆ ದ್ರವ ಸಾರಜನಕದ ಚಳಿ ಬೇಕು. ಐಸ್ ಪ್ಯಾಕ್ ಇಟ್ಟ ನೀಲಿ ಡಬ್ಬಿ ಹೆಗಲಿಗೆ ಹಾಕಿಕೊಂಡು ಓಡಾಡುವ ಈಗಿನ ವ್ಯವಸ್ಥೆಯಲ್ಲಿ ಆಗುವ ಮಾತಲ್ಲ. "ಹಾಗಾದರೆ ಆಫ್ರಿಕಾದ ಹಳ್ಳಿಗೆ ಹೇಗೆ ಹೋಗುತ್ತೆ, ಸುಮ್ನೆ ಬಿಡಿ" ಅಂತ ತಳ್ಳಿಹಾಕುವವರು ಒಮ್ಮೆ ಚನ್ನಗಿರಿ ಕಡೆಗೋ ಚಳ್ಳಕೆರೆ ಕಡೆಗೋ ಬಂದು ಪಶು ಆಸ್ಪತ್ರೆ ನೋಡಬೇಕು. ಹಸು ಬೆದೆಗೆ ಬಂದಿದೆ ಅಂತ ಫೋನ್ ಮಾಡಿದರೆ ಬೈಕಿಗೆ ಪುಟ್ಟ ಕ್ಯಾನ್ ಕಟ್ಟಿಕೊಂಡು ಬರ್ತಾರೆ. ಮುಚ್ಚಳ ತೆಗೆದರೆ ಬೆಳ್ಳಗೆ ಹೊಗೆ ಏಳುತ್ತೆ, ಮಕ್ಕಳೆಲ್ಲ ನೋಡೋಕೆ ಸೇರ್ತಾರೆ. ಇಕ್ಕಳದಲ್ಲಿ ಒಂದು ಸಣ್ಣ ಕಡ್ಡಿ ಹಿಡಿದೆತ್ತಿ, ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಅದ್ದಿ, ಒರೆಸಿ, ಗನ್ನಿಗೆ ಏರಿಸಿ ಕೆಲಸ ಮುಗಿಸಿ ಹೋಗ್ತಾರೆ. ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಅದು, ನಮ್ಮ ಹಳ್ಳಿಗಳಿಗೆ ಹಸುವಿನ ಹಿಂದೆ ಬಂದು ಎಷ್ಟೋ ವರ್ಷ ಆಯ್ತು. ಕರೆಂಟೂ ಬೇಡ ಅದಕ್ಕೆ. ಹಸುಗೆ ಆಗಿದ್ದು ಮಗುವಿಗೆ ಆಗಲ್ಲ ಅನ್ನೋಕೆ ಕಾರಣ ಇಲ್ಲ. ಕ್ಯಾನಿಗೆ ಆಗಾಗ ಸಾರಜನಕ ತುಂಬಿಸುವ ಖರ್ಚು ಯಾರು ಕೊಡ್ತಾರೆ ಅನ್ನೋದು ಪ್ರಶ್ನೆ.

ಸಾಗಣೆಗಿಂತ ನನಗೆ ಚಿಂತೆ ಹುಟ್ಟಿಸುವುದು ಸೂಜಿ. ಸ್ಪೋರೋಜೊಯೈಟ್‌ಗಳನ್ನು ಚರ್ಮಕ್ಕೆ ಚುಚ್ಚಿದ ಪ್ರಯೋಗ ಸೋತಿತ್ತು. ರಕ್ತನಾಳಕ್ಕೇ ನೇರವಾಗಿ ಕೊಟ್ಟಾಗ ಮಾತ್ರ ಚೆನ್ನಾಗಿ ಕೆಲಸ ಮಾಡಿದವು. ವಯಸ್ಕರಿಗೆ ಸರಿ, ಐದಾರು ತಿಂಗಳ ಮಗುವಿಗೆ ನರ ಹುಡುಕುವುದು ಎಂಥ ಪಾಡು ಅಂತ ಆಸ್ಪತ್ರೆಯ ವಾರ್ಡಿನಲ್ಲಿ ನಿಂತ ಯಾವ ತಾಯಿಯೂ ಹೇಳ್ತಾಳೆ. ನರ್ಸ್ ಒಂದು ಕೈ ನೋಡಿ, ಇನ್ನೊಂದು ಕೈ ನೋಡಿ, ಕಾಲಿಗೆ ಹೋಗಿ, ಅಷ್ಟರಲ್ಲಿ ಮಗು ಅತ್ತು ಅತ್ತು ಕೆಂಪಾಗಿರುತ್ತೆ. ಅಂಗನವಾಡಿ ಜಗಲಿಯಲ್ಲಿ ಅರವತ್ತು ಮಕ್ಕಳಿಗೆ ಸಾಲಾಗಿ ಹೀಗೆ ಮಾಡೋಕಾಗುತ್ತಾ? ಸೊಳ್ಳೆಗೆ ಚರ್ಮದಿಂದಲೇ ಇದು ಸಾಧ್ಯ ಆಗಿದೆ, ನಮ್ಮ ಸೂಜಿಗೆ ಆಗಿಲ್ಲ. ಜಿಎ2ರ ಆ ಒಳ್ಳೆಯ ಫಲಿತಾಂಶ ಎರಡೂ ಸೊಳ್ಳೆ ಕಚ್ಚಿಸಿ ಬಂದದ್ದು ಅನ್ನೋದನ್ನು ಮರೆಯಬಾರದು. ಮೇಯ್2 ಜೊತೆ ಇನ್ನೂ ಒಂದು ಜೀನ್ ತೆಗೆದ, ಲಾರ್ಕ್2 ಎಂಬ ತಳಿಯನ್ನು ಸನಾರಿಯಾ ಸೀಸೆಯ ರೂಪದಲ್ಲಿ ಪ್ರಯೋಗಕ್ಕೆ ಇಳಿಸಿದೆ, ಆಫ್ರಿಕಾದ ಬುರ್ಕಿನಾ ಫಾಸೋ ಕೂಡ ಅದರಲ್ಲಿದೆ. ಎರಡು ಜೀನ್ ಯಾಕೆ ಅಂದರೆ ಒಂದು ಕೈಕೊಟ್ಟರೂ ಇನ್ನೊಂದು ತಡೆಯಲಿ ಅಂತ. 2013ರ ಆ ಒಬ್ಬ ಸ್ವಯಂಸೇವಕ ಕಲಿಸಿದ ಪಾಠ ಅದು.

ಅಷ್ಟರಲ್ಲಿ ಈ ಎಲ್ಲ ತಾಪತ್ರಯ ಇಲ್ಲದ ಎರಡು ಲಸಿಕೆ ಆಗಲೇ ಆಫ್ರಿಕಾದಲ್ಲಿ ಮಕ್ಕಳಿಗೆ ಹೋಗುತ್ತಿವೆ. ಆರ್‌ಟಿಎಸ್,ಎಸ್ ಅನ್ನೋದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ, ಆರ್21ಕ್ಕೆ 2023ರಲ್ಲಿ ಶಿಫಾರಸು ಕೊಟ್ಟಿತು. ಎರಡೂ ಪರಾವಲಂಬಿಯ ಮೈಮೇಲಿನ ಒಂದೇ ಒಂದು ಪ್ರೋಟೀನನ್ನು ತೋರಿಸುವ ಲಸಿಕೆಗಳು. ಮೊದಲನೆಯದು ದೊಡ್ಡ ಪ್ರಯೋಗದಲ್ಲಿ ನಾಲ್ಕು ಡೋಸ್ ಪಡೆದ ಪುಟ್ಟ ಮಕ್ಕಳಲ್ಲಿ ನಾಲ್ಕು ವರ್ಷಗಳ ಲೆಕ್ಕಕ್ಕೆ ಸುಮಾರು 36% ಮಲೇರಿಯಾ ತಡೆಯಿತು, ಎರಡನೆಯದು ಮಳೆಗಾಲದಲ್ಲಷ್ಟೇ ಮಲೇರಿಯಾ ಬರುವ ಕಡೆ ಮೊದಲ ವರ್ಷ 75%. ಆರ್21 ತಯಾರಾಗುವುದು ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನಲ್ಲಿ, ಡೋಸ್‌ಗೆ ನಾಲ್ಕು ಡಾಲರ್‌ಗಿಂತ ಕಮ್ಮಿ ಬೆಲೆಗೆ. ಸಾಮಾನ್ಯ ಫ್ರಿಜ್ಜಿನಲ್ಲಿಟ್ಟು ಸಾಮಾನ್ಯ ಸೂಜಿಯಲ್ಲಿ ತೊಡೆಗೆ ಕೊಡಬಹುದು. 2023ರಲ್ಲಿ ಜಗತ್ತಿನಲ್ಲಿ ಸುಮಾರು 26.3 ಕೋಟಿ ಮಲೇರಿಯಾ ಪ್ರಕರಣ, 5.97 ಲಕ್ಷ ಸಾವು, ಅದರಲ್ಲಿ 95% ಆಫ್ರಿಕಾದಲ್ಲಿ, ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಇಂಥ ಕಡೆ 90% ಬರುವ ತನಕ ಕಾಯೋಣ ಅನ್ನೋದು ಕ್ರೂರ. ಸಿಕ್ಕಿದ್ದನ್ನು ಹಾಕಬೇಕು. ಆರ್21ರ ಮುಂದೆ ಜೀನ್ ತೆಗೆದ ಲಸಿಕೆ ನಿಲ್ಲಬೇಕಾದರೆ ಅದು ಬರೀ ಚೆನ್ನಾಗಿದ್ದರೆ ಸಾಲದು, ಆ ಎಲ್ಲ ಕಷ್ಟಕ್ಕೆ ತಕ್ಕಷ್ಟು ಚೆನ್ನಾಗಿರಬೇಕು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನವರು ಭುವನೇಶ್ವರದಲ್ಲಿ ಮಾಡಿರುವ ಆಡ್‌ಫಾಲ್ಸಿವ್ಯಾಕ್ಸ್ ಕೂಡ ಪ್ರೋಟೀನ್ ದಾರಿಯದ್ದೇ, ಇಡೀ ಪರಾವಲಂಬಿಯದಲ್ಲ.

ಕೊನೆಗೆ, ಇದರಿಂದ ನಮಗೇನು? ಮಲೇರಿಯಾ ಈಗ ದಾವಣಗೆರೆ, ಚಿತ್ರದುರ್ಗದ ಮನೆಮಾತಲ್ಲ, ಸೊಳ್ಳೆ ಅಂದರೆ ಈಗ ಎಲ್ಲರಿಗೂ ಡೆಂಗಿ. ಹಿಂದೆ ಹಾಗಿರಲಿಲ್ಲ. ಹಿರಿಯೂರಿನ ಮಾರಿ ಕಣಿವೆಗೆ ಅಡ್ಡಲಾಗಿ ವೇದಾವತಿಗೆ ಕಟ್ಟಿದ ಅಣೆಕಟ್ಟು 1907ರಲ್ಲಿ ಮುಗಿಯಿತು, ಒಣ ಸೀಮೆಗೆ ನಾಲೆ ಬಂತು, ನಾಲೆಯ ಜೊತೆ ಚಳಿಜ್ವರವೂ ಬಂತು. ರಾಕ್‌ಫೆಲರ್ ಫೌಂಡೇಶನ್ ನೆರವಿನಲ್ಲಿ ಮೈಸೂರು ಸಂಸ್ಥಾನ 1920-30ರ ದಶಕಗಳಲ್ಲಿ ಮಲೇರಿಯಾ ಅಧ್ಯಯನಕ್ಕೆ ಆರಿಸಿದ ಜಾಗಗಳಲ್ಲಿ ಮೂಡಿಗೆರೆಯಂಥ ಮಲೆನಾಡಿನ ಜೊತೆ ಬಯಲುಸೀಮೆಯ ಮಾರಿ ಕಣಿವೆಯೂ ಇತ್ತು ಅಂದರೆ ಹಾವಳಿ ಎಷ್ಟಿದ್ದಿರಬೇಕು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಪ್ರಕರಣ ಅಂತ ಅಂದಾಜಿತ್ತು. ಡಿಡಿಟಿ ಹೊಡೆದು 1965ರ ಹೊತ್ತಿಗೆ ಒಂದು ಲಕ್ಷಕ್ಕೆ ಇಳಿಸಿದರು, ಗೆದ್ದೆವು ಅಂದುಕೊಂಡು ಸಡಿಲ ಬಿಟ್ಟರು, 1976ರಲ್ಲಿ ಅದು 64 ಲಕ್ಷ ದಾಟಿತು. 2023ರಲ್ಲಿ 2.27 ಲಕ್ಷ. 2030ರ ಒಳಗೆ ಪೂರ್ತಿ ಇಲ್ಲವಾಗಿಸುವ ಗುರಿ ಇದೆ.

ಇಲ್ಲಿಯವರೆಗೆ ಇಳಿಸಿದ್ದು ಯಾವ ಲಸಿಕೆಯೂ ಅಲ್ಲ. ಜ್ವರ ಬಂದವರ ಮನೆಗೆ ಆಶಾ ಕಾರ್ಯಕರ್ತೆ ಬಂದು "ಅಕ್ಕಾ, ಬೆರಳು ಕೊಡಿ" ಅಂತ ಚುಚ್ಚಿ, ಗಾಜಿನ ಪಟ್ಟಿಗೆ ಒಂದು ಹನಿ ಸವರಿ, ಒಣಗಿಸಿ ನಂಬರ್ ಬರೆದು ಒಯ್ಯುತ್ತಾಳಲ್ಲ, ಆ ಕೆಲಸ ಮತ್ತು ಮನೆ ಮನೆಯ ಸಂಪು ಬಗ್ಗಿ ನೋಡುವ ಲಾರ್ವಾ ಸಮೀಕ್ಷೆ. ನಗರಗಳ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಇಷ್ಟಪಡುವುದು ಚರಂಡಿಯನ್ನಲ್ಲ, ಮುಚ್ಚದ ಟ್ಯಾಂಕಿನ ತಿಳಿ ನೀರನ್ನು. ನಲ್ಲಿಯಲ್ಲಿ ವಾರಗಟ್ಟಲೆ ನೀರು ಬರದಿದ್ದರೆ ಜನ ತುಂಬಿಡಲೇಬೇಕಲ್ವಾ? ಹಾಗಾಗಿ ಕಾಯಿಲೆಯ ಒಂದು ಕೊನೆ ನೀರು ಬಿಡುವವರ ವೇಳಾಪಟ್ಟಿಯಲ್ಲೂ ಇದೆ. ಈಗ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಬರುತ್ತಿದೆ, 1933ರ ನಂತರ ಮೊದಲ ಸಲ 2022ರಲ್ಲಿ ಅದೇ ಮಾರಿ ಕಣಿವೆಯ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನೀರು ಬಂದದ್ದಕ್ಕೆ ನಾವೆಲ್ಲ ಹಬ್ಬ ಮಾಡಿದೆವು, ಮಾಡಬೇಕಾದ್ದೇ. ನೀರಿನ ನಕ್ಷೆ ಬದಲಾದಾಗ ಸೊಳ್ಳೆಯ ನಕ್ಷೆಯೂ ಬದಲಾಗುತ್ತೆ ಅನ್ನೋದು ಹಿರಿಯೂರಿಗೆ ಹೊಸದಾಗಿ ಹೇಳಬೇಕಿಲ್ಲ. ಪ್ರಕರಣ ಕಮ್ಮಿ ಆಯ್ತು ಅಂತ ಆ ಸ್ಲೈಡ್ ತೆಗೆಯುವ ಕೆಲಸ ಸಡಿಲ ಬಿಡುವ ಕಾಲ ಇದಲ್ಲ.

ಇನ್ನೂ ಒಂದು ತೊಡಕಿದೆ, ಇದನ್ನು ಸುದ್ದಿಗಳು ಹೇಳುವುದೇ ಇಲ್ಲ. ಇಷ್ಟು ಹೊತ್ತು ಮಾತಾಡಿದ್ದೆಲ್ಲ ಫಾಲ್ಸಿಪ್ಯಾರಂ ಬಗ್ಗೆ. ಕರ್ನಾಟಕದ ಮಲೇರಿಯಾದಲ್ಲಿ ದೊಡ್ಡ ಪಾಲು ವೈವ್ಯಾಕ್ಸ್ ಅನ್ನೋ ಇನ್ನೊಂದು ಜಾತಿಯದು. ಅದು ಲಿವರಿನಲ್ಲಿ ಕೆಲವನ್ನು ನಿದ್ದೆಯ ಸ್ಥಿತಿಯಲ್ಲಿ ಬಿಟ್ಟು, ತಿಂಗಳುಗಟ್ಟಲೆ ಆದ ಮೇಲೆ ಮತ್ತೆ ಎದ್ದು ಜ್ವರ ತರುತ್ತೆ. ಅದಕ್ಕೇ 14 ದಿನ ಪ್ರೈಮಾಕ್ವಿನ್ ಕೊಡೋದು, ಮೂರನೇ ದಿನ ಜ್ವರ ಬಿಟ್ಟ ಕೂಡಲೇ ಮಾತ್ರೆ ನಿಲ್ಲಿಸುವವರೇ ಜಾಸ್ತಿ ಅನ್ನೋದು ಬೇರೆ ಮಾತು. ವೈವ್ಯಾಕ್ಸ್‌ಗೂ ಜೀನ್ ತೆಗೆದ ಲಸಿಕೆ ಮಾಡಬಹುದಲ್ಲ ಅಂದರೆ, ಮೊದಲ ಮೆಟ್ಟಿಲೇ ಇಲ್ಲ. ಫಾಲ್ಸಿಪ್ಯಾರಂ ಅನ್ನು 1976ರಿಂದ ಪ್ರಯೋಗಾಲಯದ ಬಟ್ಟಲಲ್ಲಿ ಎಷ್ಟು ಬೇಕಾದರೂ ಬೆಳೆಸುತ್ತಾರೆ. ವೈವ್ಯಾಕ್ಸ್ ಹಾಗೆ ಬೆಳೆಯಲ್ಲ, ಅದಕ್ಕೆ ಆಗತಾನೇ ಹುಟ್ಟಿದ ಎಳೆಯ ಕೆಂಪು ರಕ್ತಕಣವೇ ಬೇಕು, ರಕ್ತದಲ್ಲಿ ಅವು ನೂರಕ್ಕೆ ಒಂದೋ ಎರಡೋ. ಬಟ್ಟಲಲ್ಲಿ ಉಳಿಯದ ಪರಾವಲಂಬಿಯ ಜೀನ್ ತೆಗೆದು, ತೆಗೆದದ್ದು ಸರಿಯಾಗಿದೆಯಾ ಅಂತ ನೋಡಿ, ಅದನ್ನೇ ಸೊಳ್ಳೆಗಳಿಗೆ ವರ್ಷಗಟ್ಟಲೆ ಕುಡಿಸುತ್ತಾ ಹೋಗುವುದು ಈಗಿನ ಮಟ್ಟಿಗೆ ಆಗದ ಕೆಲಸ. ಹಾಗಾಗಿ ಲೈಡನ್‌ನಲ್ಲಿ ಗೆದ್ದ ಲಸಿಕೆ ಸೀಸೆಗೆ ಇಳಿದು, ಸೂಜಿಗೆ ಒಗ್ಗಿ, ಬುರ್ಕಿನಾ ಫಾಸೋದಲ್ಲೂ ಗೆದ್ದರೂ, ನಮ್ಮೂರಲ್ಲಿ ಮಲೇರಿಯಾ ಬಂದವರಲ್ಲಿ ಹೆಚ್ಚಿನವರಿಗೆ ಅದು ಸಂಬಂಧಪಟ್ಟ ಲಸಿಕೆ ಆಗಿರುವುದಿಲ್ಲ.